ದಕ್ಷಿಣದ ಆಕಾಶ ಮುಚ್ಚುವ ಮೊದಲು

ರಾಜಾಜಿನಗರ
10 ಮೇ 2026, ಭಾನುವಾರ

ಶಶಿಕುಮಾರ್ ಅವರಿಗೆ, ಕಲಾ ಮಾಡುವ ನಮಸ್ಕಾರಗಳು.

ಹೀಗೆ ಶುರು ಮಾಡಿದರೆ ಬ್ಯಾಂಕಿನವರ ನೋಟೀಸಿನಂತಿದೆ. ರೀ ಎನ್ನುವುದೇ ಸರಿ. ರೀ, ಕೆಂಗೇರಿಯಲ್ಲಿ ಚೆನ್ನಾಗಿದ್ದೀರಿ ಎಂದು ನಿಮ್ಮ ಗೆಳೆಯ ದುಂಡೇಶ ಹೇಳಿದ. ಇಲ್ಲಿ ನಾನೂ ಅತ್ತೆಯೂ ಇದ್ದೇವೆ. ಫೋನ್ ಮಾಡಿದರೆ ಮೂರನೇ ಮಾತಿಗೆ ಜಗಳ ಹತ್ತಿಕೊಳ್ಳುತ್ತದೆ, ಜಗಳವಾಡಲು ನನಗೀಗ ತ್ರಾಣವಿಲ್ಲ. ಅದಕ್ಕೇ ಕಾಗದ.

ವಿಷಯ ಇಷ್ಟೇ. ಪಕ್ಕದ ಮನೆ ಬೈರಯ್ಯನವರು ಇನ್ನೊಂದು ಮಹಡಿ ಕಟ್ಟಿಸುತ್ತಿದ್ದಾರೆ. ಕಂಬಗಳು ಎದ್ದಿವೆ, ತಿಂಗಳ ಕೊನೆಗೆ ಮೋಲ್ಡ್ ಹಾಕಿಸಿ ಗೋಡೆ ಎಬ್ಬಿಸುತ್ತಾರಂತೆ. ಅಲ್ಲಿಗೆ ನಮ್ಮ ತಾರಸಿಗೆ ದಕ್ಷಿಣದ ಆಕಾಶ ಮುಗಿಯಿತು. ಹೇಳಿ ನೋಡಿದೆ. ನಕ್ಷತ್ರ ನೋಡುವವರಿಗೋಸ್ಕರ ಮನೆ ಕಟ್ಟದೆ ಇರಲಾಗುತ್ತದೆಯೇ ಎಂದು ನಕ್ಕರು. ಅವರ ಮಾತೂ ಸರಿಯೇ ಬಿಡಿ.

ದಕ್ಷಿಣದಲ್ಲಿ ಕಾಣುವ ಆ ಒಮೆಗಾ ಸೆಂಟಾರಿ ನೆನಪಿದೆಯಲ್ಲ? ಮದುವೆಯಾದ ಹೊಸದರಲ್ಲಿ ಟೆಲಿಸ್ಕೋಪಿನಲ್ಲಿ ನನಗೆ ಮೊದಲು ತೋರಿಸಿದ್ದು ಅದನ್ನೇ. ಲಕ್ಷಾಂತರ ನಕ್ಷತ್ರಗಳು ಸೇರಿ ಕಟ್ಟಿದ ರವೆ ಉಂಡೆ ಎಂದಿದ್ದೆ ನಾನು. ಬೀದಿದೀಪಗಳ ನಡುವೆಯೂ ಫೋಟೊಗೆ ಸಿಗುವಂಥದ್ದು, ಆದರೆ ನಾವು ತೆಗೆಯಲೇ ಇಲ್ಲ. ಈ ಬೇಸಿಗೆಗೆ ಯಾವುದನ್ನು ತೆಗೆಯೋಣ ಎಂದು ಕೂತಾಗಲೆಲ್ಲ ನಾನು ಅದರ ಹೆಸರು ಹೇಳುತ್ತಿದ್ದೆ. ಸುಲಭದ್ದು, ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದಿರಿ.

ನಿಮಗೆ ಬೇಕಾಗಿದ್ದದ್ದು ಸಪ್ತರ್ಷಿ ಮಂಡಲದ ಬಾಲದ ಹತ್ತಿರದ ಆ ಮಸುಕು ಗೆಲಾಕ್ಸಿ. ಈ ಊರಿನ ಬೆಳಕಿನಲ್ಲಿ ಅದಕ್ಕೆ ಕೈ ಹಾಕಬೇಡಿ ಎಂದು ನಕ್ಷತ್ರ ನೋಡುವ ಕ್ಲಬ್ಬಿನವರೆಲ್ಲ ಹೇಳಿದರು. ನೀವು ಕೇಳಿದರಲ್ಲವೇ! ಎರಡು ಬೇಸಿಗೆ ಅದರ ಹಿಂದೆಯೇ ಬಿದ್ದಿರಿ. ಕೊನೆಗೆ ಸಿಕ್ಕಿದ್ದು ವಿಭೂತಿ ಒರೆಸಿದಂಥ ಒಂದು ಕಲೆ. ಆಫೀಸು, ಅಡುಗೆ, ಅತ್ತೆಯ ಆಸ್ಪತ್ರೆ ಎಂದು ಓಡಾಡಿ ನಾನು ಸುಸ್ತಾಗಿ ಕೂತಿದ್ದ ದಿನವೇ ಅದನ್ನು ತೋರಿಸಲು ಬಂದಿರಿ. ಆಗ ನನ್ನ ಬಾಯಿಂದ ಬಂದ ಮಾತು ನಿಮಗೆ ಮರೆತಿರಲಾರದು.

“ಕಾಣದೇ ಇರೋದನ್ನೇ ಹುಡುಕ್ತಾ ಕೂತ್ರೆ, ಕಣ್ಣೆದುರಿಗಿರೋರು ಎದ್ದು ಹೋಗ್ತಾರೆ.”

ಎದ್ದು ಹೋದದ್ದು ನೀವು.

ದಸರಾದಲ್ಲಿ ಹೋಗುವಾಗ ಪಾಲು ಬೇರೆ. ಟೆಲಿಸ್ಕೋಪನ್ನು ಹೊತ್ತು ನಕ್ಷತ್ರದ ಜೊತೆಜೊತೆಗೆ ತಿರುಗುವ ಮೌಂಟ್ ನಿಮಗೆ, ಟೆಲಿಸ್ಕೋಪು, ಕ್ಯಾಮೆರಾ ನನಗೆ. ಒರಳು ಒಬ್ಬರಿಗೆ, ಗುಂಡು ಇನ್ನೊಬ್ಬರಿಗೆ ಕೊಟ್ಟ ಹಾಗೆ. ನಿಮ್ಮ ರೂಮಿನಲ್ಲಿ ಮೌಂಟಿನ ಮೇಲೆ ಟವೆಲು ಒಣಗುತ್ತಿದೆ ಎಂದು ದುಂಡೇಶ ಹೇಳಿದಾಗ ನಗು ಬಂತು. ಆಮೇಲೆ ಅಳುವೂ ಬಂತು, ಸುಳ್ಳೇಕೆ ಹೇಳಲಿ.

ಅಮಾವಾಸ್ಯೆಯ ದಿನ ಬೇರೆ ಮನೆಗಳಲ್ಲಿ ಹೊರಗೆ ಹೋಗಬೇಡಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಚಂದ್ರನಿಲ್ಲದ ದಿನವೇ ಹಬ್ಬವಾಗಿತ್ತು. ನೀವು ಹೋದ ಮೇಲೂ ಅತ್ತೆ ಅದನ್ನು ಬಿಟ್ಟಿಲ್ಲ. ಪ್ರತಿ ಅಮಾವಾಸ್ಯೆಯ ಸಂಜೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ, ನೀವು ಮಾಡಿಸುತ್ತಿದ್ದಂತೆಯೇ, ಬಿಸಿಲಿನ ಕಾವು ಆರಲೆಂದು ತಾರಸಿಗೆ ನೀರು ಸುರಿಯುತ್ತಾರೆ. ಬೇಡವೆಂದು ಗದರಿದರೆ, “ಅಮಾಸೆ ಅಲ್ವೇನೇ ಕಲಾ, ನಮ್ ಶಶಿ ಬಂದ್ರೂ ಬರ್ತಾನೆ” ಅನ್ನುತ್ತಾರೆ. ಆ ನೀರಿನ ಮೇಲೆ ಕಾಲಿಡಲು ನನಗೆ ಆಗುವುದಿಲ್ಲ. ಕೆಳಗಿಳಿದು ಬಂದು ಮಲಗಿಬಿಡುತ್ತೇನೆ.

ಬರುವ ಶನಿವಾರ ಅಮಾವಾಸ್ಯೆ. ಮಧ್ಯಾಹ್ನ ಒಂದು ಮಳೆ ಬಿದ್ದು ದೂಳು ಅಡಗಿದರೆ ಆಕಾಶ ತಿಳಿಯಾಗಿರುತ್ತದೆ. ಊಟ ಮುಗಿಯುವ ಹೊತ್ತಿಗೆ ಒಮೆಗಾ ಸೆಂಟಾರಿ ಬೈರಯ್ಯನವರ ಕಂಬಗಳ ನಡುವೆ ಬಂದಿರುತ್ತದೆ. ಮುಂದಿನ ಬೇಸಿಗೆಗೆ ಅಲ್ಲಿ ಯಾರದೋ ಬೆಡ್‌ರೂಮು ಇರುತ್ತದೆ. ಮೌಂಟನ್ನು ದುಂಡೇಶನ ಕೈಲಿ ಕಳಿಸಿಕೊಡಿ. ಫೋಟೊ ತೆಗೆದು, ಒರೆಸಿ ವಾಪಸ್ ಕಳಿಸುತ್ತೇನೆ. ಬೇರೇನೂ ಕೇಳುತ್ತಿಲ್ಲ.

ಇಂತಿ ನಿಮ್ಮ (ಅಭ್ಯಾಸಬಲದಿಂದ ಬರೆದೆ, ಹೊಡೆದು ಹಾಕಲು ಮನಸ್ಸಿಲ್ಲ)
ಕಲಾ

ಮರೆತಿದ್ದೆ: ಮೌಂಟಿಗೆ ಸಮತೂಕಕ್ಕೆ ಹಾಕುವ ಕಬ್ಬಿಣದ ಗುಂಡು ಇಲ್ಲೇ ಅಕ್ಕಿ ಡಬ್ಬದ ಹಿಂದೆ ಇದೆ. ಅದಿಲ್ಲದೆ ನಿಮ್ಮ ಮೌಂಟ್ ಟವೆಲಿಗಷ್ಟೇ ಲಾಯಕ್ಕು ಎಂದು ನಿಮಗೂ ಗೊತ್ತು. ದಸರಾದಿಂದ ನೀವು ಅದನ್ನು ಒಮ್ಮೆಯೂ ಕೇಳಲಿಲ್ಲ, ಹೊಸದನ್ನೂ ಕೊಳ್ಳಲಿಲ್ಲ. ನಾನೂ ಕಳಿಸಲಿಲ್ಲ. ದುಂಡೇಶನಿಗೆ ತೊಂದರೆ ಕೊಡಬೇಡಿ. ನೀವೇ ಹೊತ್ತು ತನ್ನಿ.