ಕಟ್ಟೆ ಮೇಲೆ ಯಾರಾದ್ರೂ ಕುಂತವ್ರಾ?

ಮಾವನವರ ಪಾದಕ್ಕೆ ನಿಮ್ಮ ಅಳಿಯ ಮಾದಯ್ಯನ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಹಾಕಿ ಅಂತ ಬರೆಯುವ ಹಾಗಿಲ್ಲವಲ್ಲ, ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆಯುತ್ತೇನೆ. ಕೈ ನಿಲ್ಲುತ್ತಿಲ್ಲ, ಮಾವ! ನಮ್ಮ ಮಳವಳ್ಳಿ ಪೇಟೆ ಬೀದಿಯಲ್ಲಿ ಏನಾಗಿದೆ ಗೊತ್ತಾ? ಅದನ್ನು ಹೇಳುವ ಮುಂಚೆ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನೀವು ಹಾಸಿಗೆ ಹಿಡಿದಿದ್ದಾಗ ದಿನಾ ಸಂಜೆ ನಾನು ನಿಮಗೆ ಸುಳ್ಳು ಹೇಳಿದ್ದೆ.

ಬೀದಿಬೀದಿಗೆ ನಲ್ಲಿ ಬಂದ ದಿನ ನೆನಪಿದೆಯಾ? ಅದಕ್ಕೆ ಮುಂಚೆ ಇಡೀ ಪೇಟೆಗೆ ನಮ್ಮ ಅಂಗಡಿ ಎದುರಿನ ಸೇದೋ ಬಾವಿಯೇ ಗತಿ. ಕೇರಿಯ ಕೆಂಪಿ ಮಾತ್ರ ಆ ಬಾವಿ ಮುಟ್ಟುವ ಹಾಗಿರಲಿಲ್ಲ. ಕೊಡ ಕೆಳಗಿಟ್ಟು, ಯಾರಾದರೂ ಸೇದಿ ಹುಯ್ಯಲಿ ಅಂತ ಬಿಸಿಲಲ್ಲಿ ನಿಂತಿರುತ್ತಿದ್ದಳು. ಹೊಲಿಗೆ ಮಿಷನ್ನು ತುಳಿಯುತ್ತಾ ಅದನ್ನು ನೋಡೀ ನೋಡೀ ಒಂದು ದಿನ ನೀವು ಎದ್ದೇಬಿಟ್ಟಿರಿ. ಅರ್ಜಿ ಬರೆಸಿ, ಮನೆಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿ, ಎರಡು ಜೊತೆ ಎಕ್ಕಡ ಸವೆಸಿದಿರಿ. ನಮ್ಮ ಬೀದಿ ನಲ್ಲಿಯ ಮೊದಲ ಕೊಡ ಕೆಂಪಿಯದೇ. ಅವಳು ಕೊಡ ಸೊಂಟಕ್ಕಿಟ್ಟು ನಿಮ್ಮ ಕಡೆ ತಿರುಗಿ ನಕ್ಕಾಗ ನೀವು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದೆ.

ಆಮೇಲೆ ಬಾವಿ ರಾಟೆಯ ಕಿರುಗುಟ್ಟುವ ಸದ್ದು ನಿಂತಿತು. ನೀರಿಗೆ ಬರುವ ಹೆಂಗಸರಿಲ್ಲ ಅಂದಮೇಲೆ ಬಳೆಯವನು ಯಾಕೆ ಬಂದಾನು? ಅವನು ಹೋದ, ಹೂವಿನವಳು ಹೋದಳು, ಪುರಿ ಮಾರುವವನೂ ಬುಟ್ಟಿ ಎತ್ತಿಕೊಂಡು ಬಸ್ಸು ನಿಲ್ಲುವ ಕಡೆಗೆ ಹೋದ. ಜವಳಿ ಅಂಗಡಿ ಬಾಗಿಲು ಹಾಕಿತು. ಬಾವಿ ಕಟ್ಟೆಯ ಮೇಲೆ ಮಿಕ್ಕಿದ್ದು ನಾಯಿಗಳು. "ದಾವ ಕಳೀತೀನಿ ಅಂತ ಓಗಿ ಪ್ಯಾಟೆ ಉಸ್ರೇ ನಿಲ್ಲಿಸ್ಬುಟ್ಟೆ ಕಣ್ಲಾ ಮಾದ" ಅಂದಿರಿ. ಆ ಮಾತು ನಿಮ್ಮನ್ನು ಒಳಗೊಳಗೇ ತಿಂದುಹಾಕಿತು.

ಮಲಗಿದಲ್ಲಿಂದಲೇ ನೀವು ದಿನಾ ಕೇಳುತ್ತಿದ್ದಿರಿ, "ಕಟ್ಟೆ ಮೇಲೆ ಯಾರಾದ್ರೂ ಕುಂತವ್ರಾ?" "ಅಯ್ಯೋ, ಜನವೋ ಜನ ಮಾವ" ಅನ್ನುತ್ತಿದ್ದೆ. ನಿಮಗೆ ಗೊತ್ತಾಗದಿರಲಿ ಅಂತ ಬೀದಿ ಕಡೆಯ ಕಿಟಕಿ ಮುಚ್ಚಿ, ಶೀತಗಾಳಿ ಅಂತ ನೆಪ ಹೇಳಿದ್ದೆ. ಕೊನೆಗೊಂದು ಸಂಜೆ ನೀವು ನನ್ನ ಮುಖ ನೋಡಿ, "ಮತ್ಯಾಕ್ಲಾ ಒಂದ್ ಮಾತೂ ಕೇಳ್ಸಾಕಿಲ್ಲ?" ಅಂದಿರಿ. ನಾನು ಕಂಬಳಿ ಸರಿಮಾಡಿದೆ. ಇನ್ನೇನು ಮಾಡಲಿ? ಮಾರನೇ ದಿನ ನೀವು...

ಈ ಮಾಗಿಯಲ್ಲಿ ಓವರ್ಸೀಯರೊಬ್ಬರು ಬಂದರು. ಯುದ್ಧ ಮುಗಿದರೂ ರೇಷನ್ನು ಮುಗಿದಿಲ್ಲ ನೋಡಿ. "ಯಾರೂ ಕೂರದ ಕಟ್ಟೆ, ಒಡೆದು ಇಲ್ಲೇ ರೇಷನ್ ಡಿಪೋ ಕಟ್ಟೋಣ. ಬರೋ ವಾರ ಅಳತೆಗೆ ಬರ್ತೀನಿ" ಅಂದುಹೋದರು. ನಿಮ್ಮ ಮಗಳು ಪುಟ್ಟಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮಾರನೇ ದಿನ ನೆನೆಸಿದ ಅವರೆಕಾಳಿನ ಪಾತ್ರೆ ಎತ್ತಿಕೊಂಡು ಸೀದಾ ಬಾವಿ ಕಟ್ಟೆಗೆ ಹೊರಟಳು.

"ಬೀದೀಲಿ ಕುಂತು ಅವರೆ ಇದುಕ್ತಾರೇನಮ್ಮೀ? ಜನ ಏನಂದಾರು?" ಅಂದೆ.

"ಅನ್ನಾಕೆ ಜನ ಎಲ್ಲವ್ರೆ? ಅನ್ನಾರು ಬರ್ಲಿ ಅಂತ್ಲೇ ಓಯ್ತಿರೋದು."

ಥೇಟ್ ನೀವೇ, ಮಾವ! ಅವರೆ ಹಿದುಕುವ ಕಡೆ ಹೆಂಗಸರು ಸುಮ್ಮನೆ ದಾಟಿ ಹೋಗುತ್ತಾರಾ? ಒಬ್ಬಳು ನಿಂತಳು, ಇನ್ನೊಬ್ಬಳು ಮನೆಗೆ ಓಡಿ ತನ್ನ ಕಾಳೂ ತಂದಳು. ಮಧ್ಯಾಹ್ನಕ್ಕೆ ಐದಾರು ಜನ. ಆಗ ಅವರೆಕಾಯಿ ಮಾರಲು ಬಂದ ಕೆಂಪಿ ದೂರದಲ್ಲೇ ನಿಂತಳು, ಹಳೆಯ ಜಾಗದಲ್ಲೇ. ಪುಟ್ಟಮ್ಮ ಪಕ್ಕಕ್ಕೆ ಸರಿದು ತನ್ನ ಕಾಳಿನ ಅರ್ಧ ಅವಳ ಕಡೆ ತಳ್ಳಿ, "ಬಾ ಕೆಂಪಕ್ಕ, ಕೈಯಾಕು" ಅಂದಳು. ಇಬ್ಬರು ದಡಕ್ಕನೆ ಎದ್ದು ಹೋದರು. ಇನ್ನು ನಮಗೆ ಯಾರು ರವಿಕೆ ಹೊಲಿಯಲು ಕೊಟ್ಟಾರು? ಆದರೆ ಎದ್ದುಹೋದವರಲ್ಲಿ ಒಬ್ಬಳು ಮಾರನೇ ದಿನವೇ ಬಂದಳು, ಇನ್ನೊಬ್ಬಳು ಮೂರನೇ ದಿನ. "ಮನೇಲಿ ಒಬ್ಳೇ ಇದುಕುದ್ರೆ ಬೆರಳು ನೋಯ್ತವೆ ಕಣಮ್ಮ" ಅಂದಳು. ಅಲ್ಲ, ಕಟ್ಟೆ ಮೇಲೆ ಕೂತರೆ ನೋಯುವುದಿಲ್ಲವೇ?

ಓವರ್ಸೀಯರು ಟೇಪು ಹಿಡಿದು ಬಂದ ಬೆಳಿಗ್ಗೆ ನೀವು ಇರಬೇಕಿತ್ತು! ಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ. "ಸ್ವಲ್ಪ ಏಳ್ರಮ್ಮ, ಅಳತೆ ಹಿಡೀಬೇಕು" ಅಂದರು. ಎಲ್ಲರಿಗಿಂತ ಮೊದಲು ಬಾಯಿಬಿಟ್ಟಿದ್ದು ಕೆಂಪಿ. "ಮಡ್ಲಲ್ಲಿ ಕಾಳವೆ ಸೋಮಿ, ಎದ್ರೆ ಚೆಲ್ಲೋಯ್ತವೆ. ಚಣ ತಾಳಿ." ಆ ಚಣ ಮಧ್ಯಾಹ್ನದವರೆಗೂ ಮುಗಿಯಲಿಲ್ಲ. ಅವಳು ಕೊಡ ಇಟ್ಟುಕೊಂಡು ಕಾಯುತ್ತಿದ್ದ ಜಾಗದಲ್ಲೇ ಅವರೂ ಬಿಸಿಲಲ್ಲಿ ನಿಂತಿದ್ದರು. ಕೊನೆಗೆ ನಗುತ್ತಾ ಟೇಪು ಸುತ್ತಿಕೊಂಡು, "ಜನ ಕೂರೋ ಕಟ್ಟೆ ಕಣ್ರೀ ಇದು" ಅಂತ ಹೊರಟುಹೋದರು. ಡಿಪೋಗೆ ಬೇರೆ ಜಾಗ ನೋಡಿದ್ದಾರೆ.

ಈಗ ಬಳೆಯವನು ವಾಪಸ್ಸು, ಪುರಿಯವನು ವಾಪಸ್ಸು. ಜವಳಿ ಅಂಗಡಿ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದಾರೆ. ನಿಮ್ಮ ಮಿಷನ್ನನ್ನು ನಾನು ಜಗಲಿಗೇ ತಂದಿಟ್ಟಿದ್ದೇನೆ. ನಿಮ್ಮ ನಲ್ಲಿ ಪೇಟೆಯ ಉಸಿರು ನಿಲ್ಲಿಸಲಿಲ್ಲ, ಮಾವ. ನೀರಿಗಾಗಿ ಬರುತ್ತಿದ್ದಾಗ ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಅನ್ನುವುದೇ ದೊಡ್ಡದಾಗಿತ್ತು. ಈಗ ಅಲ್ಲಿ ಯಾರಿಗೂ ನೀರು ಬೇಕಿಲ್ಲ, ಬರೀ ಒಬ್ಬರಿಗೊಬ್ಬರು ಬೇಕು. ಇದನ್ನು ಆಗಲೇ ಹೇಳುವ ಬುದ್ಧಿ ನನಗಿದ್ದಿದ್ದರೆ...

ಇವತ್ತು ಬೆಳಿಗ್ಗೆ ನಿಮ್ಮ ಕೋಣೆಯ ಕಿಟಕಿ ತೆಗೆದೆ. ಚಿಲಕ ತುಕ್ಕು ಹಿಡಿದಿತ್ತು, ಸುತ್ತಿಗೆಯಲ್ಲಿ ಹೊಡೆಯಬೇಕಾಯಿತು. ಇನ್ನು ಅದನ್ನು ಮುಚ್ಚುವುದಿಲ್ಲ. ನೀವು ಮಲಗುತ್ತಿದ್ದ ಜಾಗದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಪುಟ್ಟಮ್ಮ ಯಾರನ್ನೋ ಗೇಲಿ ಮಾಡುತ್ತಿದ್ದಾಳೆ, ಕೆಂಪಿ ಬಿದ್ದೂ ಬಿದ್ದೂ ನಗುತ್ತಿದ್ದಾಳೆ. ಕುಂತವ್ರೆ, ಮಾವ. ಕಟ್ಟೆ ತುಂಬ ಕುಂತವ್ರೆ. ಈ ಸಲ ನನ್ನ ಮಾತು ನಂಬಬೇಡಿ, ನೀವೇ ಕೇಳಿ.