ನಂದಿಬಟ್ಟಲಿನ ಬುಡಕ್ಕೆ ಕೆಂಪು ನೀರು

೧೪-೮-೧೯೬೩, ಬುಧವಾರ

ಇವತ್ತೂ ಬೆಳ್ಳಗೇ ಅರಳಿದೆ, ಹಾಳಾದ್ದು! ನಮ್ಮನೆಯವರು ರೇಷ್ಮೆ ನೂಲಿಗೆ ಬಣ್ಣ ಹಾಕಿ ಉಳಿದ ಕೆಂಪು ನೀರನ್ನು ಆಷಾಢದಿಂದ ಕದ್ದು ಕದ್ದು ಹಿತ್ತಲಿನ ನಂದಿಬಟ್ಟಲಿನ ಬುಡಕ್ಕೆ ಸುರಿಯುತ್ತಿದ್ದೇನೆ. ನೂಲು ಹೀರುವ ಬಣ್ಣವನ್ನು ಬೇರು ಯಾಕೆ ಹೀರಬಾರದು? ಮಣ್ಣೆಲ್ಲ ಕೆಂಪಾಯಿತು. ಗಿಡ ಮಾತ್ರ ಒಂದೆಲೆಯನ್ನೂ ಬಾಡಿಸದೆ ನಿಂತಿದೆ. ಒಣಗಿದ್ದರೆ ಅತ್ತೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಚೌಡೇಶ್ವರಿಗೆ ದಿನಾ ಅದರದೇ ಹೂವು.

ಸಂಜೆ ನೋಡಿದರೆ ಅತ್ತೆ ಅದೇ ಮಣ್ಣು ಕೆದಕುತ್ತಾ ಕೂತಿದ್ದಾರೆ.

"ನೀನೇನಾ ಕೆಂಪು ಉಯ್ದಿದ್ದು?"

ತಲೆ ತಗ್ಗಿಸಿದೆ. ಅವರು ಅತ್ತಿತ್ತ ನೋಡಿ ಪಿಸುಗುಟ್ಟಿದರು: "ಕೆಂಪು ಏರಾಕಿಲ್ಲ ಕಣವ್ವ. ನಾನು ಮದ್ವೆಯಾಗಿ ಬಂದ ವರ್ಸವೇ ಈ ಗಿಡಕ್ಕೆ ಉಯ್ದು ನೋಡಿವ್ನಿ. ನಾಳೆ ನನ್ ಮಗ ನೀಲಿ ಕಲಸ್ತಾನೆ. ಒಂದ್ ಚೊಂಬು ಎತ್ತಿಡು."