ಚಕ್ರವರ್ತಿ ಹಾಡುತ್ತಿದ್ದಾಗ ಹುಟ್ಟಿದವಳು

ರೋಮ್, ಜುಲೈ ತಿಂಗಳ ಮೊದಲ ದಿನ

ಪ್ರೀತಿಯ ತಮ್ಮ ಸೆರಾನುಸ್‌ಗೆ,

ನಿನ್ನಕ್ಕನ ಹಾರೈಕೆಗಳು. ಗ್ಯಾರೋಸ್ ದ್ವೀಪದ ಆ ಬಿಸಿಲಲ್ಲೂ ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೇಸರಿಸಬೇಡ. ಸುದ್ದಿ ಸುಳ್ಳಾದರೆ ನನ್ನ ಪತ್ರವೇ ನಿನ್ನ ಕೊರಳಿಗೆ ಉರುಳಾದೀತೆಂದು ಕಾದೆ. ಈಗ ಖಚಿತ. ಚಕ್ರವರ್ತಿ ನೀರೋ ಸತ್ತ.

ಸುದ್ದಿ ಬಂದ ದಿನ ಬಟ್ಟೆ ಒಣಹಾಕುತ್ತಿದ್ದೆ. ರೊಟ್ಟಿಯಂಗಡಿಯ ಕ್ರೆಸ್ಕೆನ್ಸ್ ಓಡಿಬಂದ.

"ಅಕ್ಕಾ, ಆಸಾಮಿ ಹೋದ."

"ಮೆಲ್ಲಗೆ ಮಾತಾಡೋ. ಯಾರಾದ್ರೂ ಕೇಳಿಸ್ಕೊಂಡಾರು."

"ಕೇಳಿಸ್ಕೊಳ್ಳೋರೇ ಬೀದೀಲಿ ಕುಣೀತಿದಾರೆ, ಬಾ."

ಕಾವಲಿನವರೇ ಅವನ ಕೈಬಿಟ್ಟರಂತೆ. ಊರಾಚೆ ಹಳೆಯ ಆಳೊಬ್ಬನ ಮನೆಯಲ್ಲಿ ಅವಿತಿದ್ದವನು ಕುದುರೆಗಳ ಸದ್ದು ಕೇಳಿ ಕುತ್ತಿಗೆಗೆ ಚೂರಿ ಹಾಕಿಕೊಂಡನಂತೆ. ಹದಿನೇಳೂ ತುಂಬದ ಹುಡುಗ ಪಟ್ಟಕ್ಕೆ ಬಂದಾಗ ಅಪ್ಪ ಬೀದಿಗೆಲ್ಲ ದ್ರಾಕ್ಷಾರಸ ಹಂಚಿದ್ದರು, ನೆನಪಿದೆಯಾ? ಆಮೇಲೆ ಹೆತ್ತ ತಾಯಿಯನ್ನೇ ಕೊಲ್ಲಿಸಿದ, ಹೆಂಡತಿಯನ್ನೂ. ಊರು ಸುಟ್ಟ ಮೇಲೆ ನಮ್ಮ ಹಳೆಯ ಮನೆಯಿದ್ದಲ್ಲಿ ಅವನ ಬಂಗಾರದ ಅರಮನೆ ಎದ್ದಿತು. ಆದರೂ ಅವನ ಸಮಾಧಿಗೆ ಹೂವಿಡುವವರಿದ್ದಾರೆ. ಅವನು ನಡೆಸಿದ ಬಿಟ್ಟಿ ಆಟಗಳನ್ನು ಅವರು ಮರೆತಿಲ್ಲ.

ನಾನು ಮರೆಯದಿರುವುದು ಆ ರಂಗಮಂದಿರವನ್ನು. ಅವನು ಹಾಡುತ್ತಿದ್ದ, ಬಾಗಿಲುಗಳಿಗೆಲ್ಲ ಅಗುಳಿ. ತುಂಬು ಬಸುರಿ ಪೊಲ್ಲಾಳಿಗೆ ನೋವು ಶುರುವಾಯಿತು. ಹೆಂಡತಿಯನ್ನು ಹೊರಗೆ ಬಿಡಿರೆಂದು ನೀನು ಕಾವಲುಗಾರನಲ್ಲಿ ಅಂಗಲಾಚಿದೆ.

"ಹಾಡು ಮುಗಿಯೋ ತನಕ ಯಾರೂ ಏಳೋ ಹಾಗಿಲ್ಲ" ಎಂದ.

"ಮಗು ಹುಟ್ಟೋಕೂ ಅವನ ಅಪ್ಪಣೆ ಬೇಕೇನಯ್ಯಾ?" ಎಂದೆ ನೀನು.

ಆ ಒಂದು ಮಾತಿಗೆ ನಿನ್ನನ್ನು ಎಳೆದೊಯ್ದರು, ಗಡೀಪಾರು ಮಾಡಿದರು. ನಾವು ಹೆಂಗಸರು ಶಾಲು ಮರೆಹಿಡಿದು, ಆ ಚಪ್ಪಾಳೆಯ ನಡುವೆಯೇ ನಿನ್ನ ಮಗಳನ್ನು ಕೈಗೆತ್ತಿಕೊಂಡೆವು.

ಗಡೀಪಾರಾದವರೆಲ್ಲ ಮರಳಬಹುದೆಂದು ನಿನ್ನೆ ಚೌಕದಲ್ಲಿ ಸಾರಿದರು. ಪೊಲ್ಲಾ ಒಳಗೆ ಹೋಗಿ ನಿನ್ನ ನಿಲುವಂಗಿ ತೆಗೆದು ಬಿಸಿಲಿಗೆ ಹಾಕಿದಳು.

"ಯಾರ್ದತ್ತೆ ಇದು, ಇಷ್ಟುದ್ದ?" ಎನ್ನುತ್ತ ಮಗಳು ಅದರೊಳಗೆ ನುಗ್ಗಿದಳು.

"ನಿಮ್ಮಪ್ಪಂದು ಕಣೇ. ಬರ್ತಿದಾನೆ" ಎಂದೆ. ಹಾಗೆ ಹೇಳಿ ಎಷ್ಟು ಹಗುರಾದೆನೆಂದರೆ, ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಸಿಕ್ಕ ಮೊದಲ ಹಡಗು ಹತ್ತು. ದೇವತೆಗಳು ನಿನ್ನ ದಾರಿಯ ಕಡಲನ್ನು ಶಾಂತವಾಗಿಡಲಿ.

ನಿನ್ನ ಅಕ್ಕ,
ಅರುಂತಿಯಾ

ಇನ್ನೊಂದು ಮಾತು. ಅಂದಿನಿಂದ ಪೊಲ್ಲಾ ಯಾವ ಹಾಡನ್ನೂ ಸಹಿಸಳು. ಬೀದಿಯಲ್ಲಿ ಯಾರಾದರೂ ಗುನುಗಿದರೂ ಬೆವತು ಬಾಗಿಲು ಹಾಕಿಕೊಳ್ಳುತ್ತಾಳೆ. ನಿನ್ನ ಮಗಳಿಗೆ ಮೂರು ತುಂಬಿತು, ಇನ್ನೂ ಒಂದು ಜೋಗುಳ ಕೇಳಿಲ್ಲ. ನಿನ್ನ ಕಂಠ ಎಷ್ಟು ಇಂಪೆಂದು ನನಗೆ ಗೊತ್ತು. ಆದರೂ ಬಂದವನೇ ಹಾಡಬೇಡಪ್ಪ. ಪೊಲ್ಲಾ ತಾನಾಗಿ ಹಾಡೆನ್ನುವವರೆಗೆ ಕಾದಿರು.